ನೀರು ಬಿಡುವ ತನಕ

ನೀರಿನ ಕೆಲಸವೋ ಚರಂಡಿಯ ಕೆಲಸವೋ, ಎರಡರಲ್ಲಿ ಯಾವುದು ನಿನ್ನ ಊರಿನಲ್ಲಿ ನಡೆಯುತ್ತದೆ ನೋಡಿಕೊಂಡು ಬಾ ಎಂದು ಸುಬೇದಾರ್ ಸಾಹೇಬರು ನನ್ನನ್ನು ಕೊನೆಯ ರಜೆಗೆ ಕಳಿಸಿದರು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು, ನನ್ನ ಸರ್ವಿಸು ಮುಗಿಯುತ್ತ ಬಂದಿತ್ತು. ಪಲ್ಟನ್ ಬಿಟ್ಟು ಹೋಗುವವರಿಗೆ ಹೊಟ್ಟೆಪಾಡಿಗೆ ಒಂದು ಕಸುಬು ಕಲಿಸಿ ಕಳಿಸುವ ಏರ್ಪಾಡಿತ್ತು. ಕೋಳಿ ಸಾಕಣೆ, ಲಾರಿ ಡ್ರೈವಿಂಗು, ವೈರಿಂಗು, ಟೈಪಿಂಗು, ಏನೇನೋ. ಒಬ್ಬನಿಗೆ ಒಂದೇ ಕೋರ್ಸು. ಒಮ್ಮೆ ಹೆಸರು ಬರೆಸಿದರೆ ಆಮೇಲೆ ಬದಲಾಯಿಸುವಂತಿಲ್ಲ. ನಮ್ಮ ಬ್ಯಾರಕಿನಲ್ಲಿ ಅರ್ಧ ಜನ ಕೋಳಿ ಸಾಕಣೆ ಬರೆಸಿದ್ದರು. ಅದರಲ್ಲಿ ದುಡಿಯುವುದು ಕೋಳಿ, ನಾವು ಕೂತು ತಿನ್ನುವುದಷ್ಟೇ ಎಂದು ಯಾರೋ ಪುಣ್ಯಾತ್ಮ ಹಬ್ಬಿಸಿದ್ದ.

ನನಗೆ ಆ ಗೊಂದಲವಿರಲಿಲ್ಲ. ನಾನು ಇಂಜಿನಿಯರ್ ಪಲ್ಟನ್ನಿನಲ್ಲಿ ನೀರಿನ ತುಕಡಿಯವನು. ಹೊಳೆಯೋ ಹಳ್ಳವೋ ಎಲ್ಲಿ ಸಿಕ್ಕರೂ ಪಂಪು ಇಳಿಸಿ, ಕ್ಯಾನ್‌ವಾಸ್ ಟ್ಯಾಂಕಿಗೆ ನೀರೆತ್ತಿ, ಔಷಧಿ ಬೆರೆಸಿ, ಪೈಪು ಎಳೆದು ಅಡಿಗೆ ಡೇರೆಗೂ ಆಫೀಸರುಗಳ ಮೆಸ್ಸಿಗೂ ಮುಟ್ಟಿಸುವುದು ನನ್ನ ಕೆಲಸ. ಊರಿಗೆ ಹೋಗಿ ಪ್ಲಂಬರ್ ಆಗಬೇಕೆಂದು ಯಾವತ್ತೋ ನಿಶ್ಚಯ ಮಾಡಿದ್ದೆ. ತೊಡಕೇನೆಂದರೆ, ಪ್ಲಂಬರ್ ಕೋರ್ಸು ಎರಡು ಭಾಗವಾಗಿತ್ತು. ಮನೆಗಳಿಗೆ ಕುಡಿಯುವ ನೀರಿನ ನಲ್ಲಿ ಜೋಡಿಸುವುದು ಒಂದು. ಸಂಡಾಸು, ಬಚ್ಚಲು, ಕೊಳಚೆ ನೀರಿನ ಪೈಪು ಇನ್ನೊಂದು. ಎರಡೂ ಒಂದೇ ಹೊತ್ತಿಗೆ ಬೇರೆ ಬೇರೆ ಊರಿನಲ್ಲಿ ನಡೆಯುತ್ತಿದ್ದವು.

"ಇಲ್ಲಿ ಕೂತು ತೀರ್ಮಾನ ಮಾಡಬೇಡ. ನಿನ್ನ ಕಡೆ ಯಾರು ಕೆಲಸ ಕೊಡ್ತಾರೆ, ಎಂಥ ಕೆಲಸ ಕೊಡ್ತಾರೆ, ತಿರುಗಾಡಿ ನೋಡು" ಎಂದರು ಸುಬೇದಾರರು.

ನೋಡುವುದೇನಿದೆ ಎಂದುಕೊಂಡೆ. ನಮ್ಮದು ನ್ಯಾಮತಿ ಹತ್ತಿರದ ಹಳ್ಳಿ. ಊರಾಚೆಯ ಕೇರಿ. ನಮ್ಮಪ್ಪ ಹೊನ್ನಾಳಿ ಪೇಟೆಯ ಚರಂಡಿ ಬಳಿಯಲು ಹೋಗುತ್ತಿದ್ದ. ನನ್ನನ್ನು ಪಲ್ಟನ್ನಿನ ಭರ್ತಿಗೆ ಕರೆದುಕೊಂಡು ಹೋದವನೂ ಅವನೇ. "ಈ ಸಲಿಕೆ ನನ್ನ ಕೈಗೇ ಮುಗೀಲಿ" ಎಂದಿದ್ದ. ನಾನು ಗಡಿಯ ಕಡೆ ಇದ್ದಾಗ ತೀರಿಕೊಂಡ. ಅಂಥವನ ಮಗ ಎರಡನೆಯ ಕೋರ್ಸಿನ ಕಡೆ ತಿರುಗಿಯೂ ನೋಡಬಾರದು, ಅಷ್ಟೇ ನನ್ನ ಲೆಕ್ಕ.

ಇನ್ನೊಂದು ಲೆಕ್ಕ ನನ್ನ ತಲೆಗೆ ಬರಲೇ ಇಲ್ಲ. ಪಲ್ಟನ್ನಿನಲ್ಲಿ ನಾನು ತುಂಬಿಸಿದ ಟ್ಯಾಂಕಿನ ನೀರನ್ನು ಕರ್ನಲ್ಲರೂ ಕುಡಿಯುತ್ತಿದ್ದರು, ಪೂಜೆ ಮಾಡುವ ಪಂಡಿತರೂ ಕುಡಿಯುತ್ತಿದ್ದರು. ಬೇಸಿಗೆಯಲ್ಲಿ ಅದೇ ಪಂಡಿತರು ಬಿಂದಿಗೆ ಹಿಡಿದು ನನ್ನ ಹಿಂದೆ ತಿರುಗುತ್ತಿದ್ದರು. ಇದೇ ಅಭ್ಯಾಸವಾಗಿ, ನಮ್ಮ ಸೀಮೆಯಲ್ಲಿ ನನ್ನ ಕೈ ಮುಟ್ಟಿದ ನೀರು ಯಾರ ಮನೆಯೊಳಗೂ ಹೋಗುವಂತಿಲ್ಲ ಎಂಬ ಸಂಗತಿಯೇ ಮರೆತುಹೋಗಿತ್ತು. ಮರೆತಿದ್ದೇನೆ ಎನ್ನುವುದೂ ಗೊತ್ತಿರಲಿಲ್ಲ.

ಮೊದಲು ಚನ್ನಗಿರಿಗೆ ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಹಳೆಯ ಫಿಟ್ಟರ್ ಸಾಬರಿದ್ದರು. ಚನ್ನಗಿರಿ, ಬಸವಾಪಟ್ಟಣ, ಹೊನ್ನಾಳಿ ಎಲ್ಲ ಕಡೆ ನಲ್ಲಿ ಹಾಕುತ್ತಿದ್ದವರು ಅವರೇ. ಪೈಪನ್ನು ವೈಸಿಗೆ ಕಚ್ಚಿಸಿ, ಎರಡು ಹಿಡಿಯ ಡೈ ತಿರುಗಿಸಿ ಅದರ ತುದಿಗೆ ಥ್ರೆಡ್, ಅಂದರೆ ತಿರುಪಿನ ಗೆರೆ, ಹಾಕುತ್ತಿದ್ದರು. ಕೈ ತಡೆಯಲಿಲ್ಲ, ಇನ್ನೊಂದು ಹಿಡಿ ಹಿಡಿದು ನಾನೂ ತಿರುಗಿಸಿದೆ. ಎಣ್ಣೆ ಬಿಟ್ಟು, ಅರ್ಧ ಸುತ್ತು ಮುಂದೆ, ಚೂರು ಹಿಂದೆ. ಸಾಬರಿಗೆ ಖುಷಿಯಾಯಿತು.

"ಕೆಲಸ ಬೇಕಾದಷ್ಟು ಐತೆ ಭಾಯ್. ಎಲ್ಲಾ ಮನಿಯೋರೂ ನಲ್ಲಿ ನಲ್ಲಿ ಅಂತಾರೆ. ಒಬ್ಬನ ಕೈಯಾಗೆ ಆಗಲ್ಲ. ಬರ್ರಿ ನೀವು" ಎಂದರು. ಆಮೇಲೆ ಊರು ಕೇಳಿದರು, ಊರಿನಲ್ಲಿ ಯಾವ ಕಡೆ ಎಂದು ಕೇಳಿದರು. ನಾನು ಮುಚ್ಚಿಡಲಿಲ್ಲ.

ಸಾಬರು ಡೈ ಬಿಟ್ಟು ಬೀಡಿ ಹಚ್ಚಿದರು. "ಅಡಿಗಿಮನಿ ನಲ್ಲಿ ಹೆಂಗೆ ಹಾಕ್ತೀರಿ?"

"ಎಲ್ಲಾರು ಹಾಕಿದಂಗೆ."

"ನಾನು ಹಾಕಿ ಬಂದ ಮ್ಯಾಲೆ ಮನಿ ತೊಳಕಂತಾರೆ. ತೊಳಕಳ್ಳಲಿ, ನಂದೇನು ಹೋತು. ನಿಮ್ಮನ್ನ ಒಳಗೇ ಬಿಡಂಗಿಲ್ಲ. ಸಂಡಾಸಿನ ಕೆಲಸ ಕಲೀರಿ. ಅದಕ್ಕೆ ಯಾರೂ ಬ್ಯಾಡ ಅನ್ನಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಕಾಲ ಹಂಗೇ ಐತೇನ್ರಿ ಸಾಬರೇ, ಬದಲಾಗೈತೆ" ಎಂದೆ. "ನೋಡ್ರಿ ಮತ್ತೆ" ಎಂದು ಅವರು ಪುನಃ ಡೈ ಹಿಡಿದರು. ವಾದ ಮಾಡಿದ್ದರೆ ನನಗೂ ಬೈಯಲು ಅನುಕೂಲವಾಗುತ್ತಿತ್ತು.

ಹೊನ್ನಾಳಿಯಲ್ಲಿ ನನಗೆ ಅಕ್ಷರ ಕಲಿಸಿದ ಮೇಷ್ಟ್ರಿದ್ದರು. ನ್ಯಾಮತಿ ಶಾಲೆಯಲ್ಲಿದ್ದಾಗ ನನ್ನನ್ನು ಎಲ್ಲರ ಜೊತೆಗೇ ಕೂರಿಸುತ್ತಿದ್ದವರು. ರಿಟೈರಾಗಿ ಪೇಟೆಯ ತಮ್ಮ ಹಳೆಯ ಮಣ್ಣಿನ ಗೋಡೆಯ ಮನೆಯಲ್ಲಿ ತಾಯಿ ಮತ್ತು ತಮ್ಮನ ಜೊತೆ ಇದ್ದರು. ಸಾಬರ ಮಾತು ಸುಳ್ಳು ಮಾಡಬೇಕಲ್ಲ, ನೇರ ಅಲ್ಲಿಗೇ ಹೋದೆ. ನಾನು ಬಾಯಿ ಬಿಡುವ ಮೊದಲೇ, ಬೀದಿಯಲ್ಲಿ ಹೊಸ ನೀರಿನ ಪೈಪು ಬಂದಿದೆ, ಮನೆಗೆ ನಲ್ಲಿ ಎಳೆಸಬೇಕು ಎಂದು ಅವರೇ ಮಾತು ತೆಗೆದರು.

"ನೀನೇ ಹಾಕ್ಕೊಡಪ್ಪಾ. ನನ್ನ ಕೈಯಾಗೆ ಕಲಿತ ಹುಡುಗ ಹಾಕ್ದ ಅಂದ್ರೆ ನಂಗೂ ಹೆಮ್ಮೆ" ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ ಕೂತರು. "ಒಂದು ಮಾತು. ಅವ್ವ ಹಳೇ ಕಾಲದಾಕೆ. ಒಣಾ ಪೈಪು ನೀನು ಎಲ್ಲಿ ಬೇಕಾದ್ರೂ ಮುಟ್ಟು, ಅಡಿಗಿಮನಿಯಾಗೂ ಮುಟ್ಟು. ಅದನ್ನ ಅಂಗಡಿಯೋರು ಮುಟ್ಟಿರ್ತಾರೆ, ಲಾರಿಯೋರು ಮುಟ್ಟಿರ್ತಾರೆ, ಯಾರು ಕೇಳ್ತಾರೆ. ನೀರು ಬಿಟ್ಟ ಮ್ಯಾಲೆ ಮಾತ್ರ ನೀನು ಹೊರಗೆ ನಿಂತ್ಕಾ. ಏನಾರ ಮಾಡಾದಿದ್ರೆ ಹೇಳು, ನನ್ನ ತಮ್ಮ ಮಾಡ್ತಾನೆ."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಡಿಗೆಮನೆಯೊಳಕ್ಕೆ ಬಿಡುತ್ತಾರಂತೆ, ಸಾಬರಿಗೆ ಹೋಗಿ ಹೇಳಬೇಕು ಎಂಬ ಹಿಗ್ಗೇ ಬಂತು. ಹೊನ್ನಾಳಿಯ ಮೇಷ್ಟ್ರ ಮನೆಯ ನಲ್ಲಿ ನಾನು ಹಾಕಿದ್ದು ಎಂದರೆ ಪೇಟೆಯಲ್ಲಿ ಮತ್ತೆ ನಾಲ್ಕು ಮನೆ ಸಿಗುತ್ತವೆ. ಆಗ ಸುಬೇದಾರರ ಮುಂದೆ ನಿಂತು ನೀರು ಎಂದು ಧೈರ್ಯವಾಗಿ ಹೇಳಬಹುದು. ಆಗಲಿ ಮೇಷ್ಟ್ರೇ ಎಂದೆ, ಎರಡು ಕೋರ್ಸಿನ ವಿಷಯವನ್ನೂ ಹೇಳಿದೆ.

ಕೆಲಸ ಮಾತ್ರ ಮನಸ್ಸಿಟ್ಟು ಮಾಡಿದೆ. ಬೀದಿಯಿಂದ ಅಂಗಳ, ಅಂಗಳದಿಂದ ಪಡಸಾಲೆಯ ಗೋಡೆಗುಂಟ ಅಡಿಗೆಮನೆಯ ತನಕ ದಾರ ಹಿಡಿದು ಗುರುತು ಹಾಕಿದೆ. ಪೈಪು ಕೊಯ್ದು, ಅಂಚಿನ ಮುಳ್ಳು ಅರದಲ್ಲಿ ಉಜ್ಜಿ, ಥ್ರೆಡ್ ಹಾಕಿ, ಅದರ ಮೇಲೆ ಸೆಣಬಿನ ನಾರು ಸುತ್ತಿ, ನೀರು ಸೋರದಂತೆ ಸಫೇದಾ ಎಂಬ ಬಿಳಿ ಬಣ್ಣ ಬಳಿದು ಒಂದೊಂದೇ ಜೋಡಿಸಿದೆ. ಅಂಗಳದಲ್ಲಿ ಒಂದು ಸ್ಟಾಪ್‌ಕಾಕು ಹಾಕೋಣ, ಒಳಗೆ ಏನಾದರೂ ಆದರೆ ಇಲ್ಲೇ ನೀರು ನಿಲ್ಲಿಸಬಹುದು ಎಂದೆ. "ಮುಚ್ಚಾಕೆ ಒಂದು ನಲ್ಲಿ ಐತಲ್ಲಪ್ಪಾ, ಮತ್ತೊಂದು ಯಾಕೆ? ಆಮ್ಯಾಲೆ ಹಾಕ್ಸಿದ್ರಾತು" ಎಂದರು ಮೇಷ್ಟ್ರು. ಸ್ಟಾಪ್‌ಕಾಕು ಇಲ್ಲದೆ ನಾನು ಪೈಪು ಹಾಕುವುದಿಲ್ಲ ಎಂದು ಬೇರೆಯವರಾಗಿದ್ದರೆ ಹಟ ಹಿಡಿಯುತ್ತಿದ್ದೆ. ಒಳಗೆ ಬಿಟ್ಟಿದ್ದಾರಲ್ಲ ಎಂಬ ದಾಕ್ಷಿಣ್ಯ ನನ್ನ ಬಾಯಿ ಕಟ್ಟಿತು.

ಅಡಿಗೆಮನೆಯ ಗೋಡೆಯ ಬುಡದಲ್ಲಿ, ಆ ಕಡೆಯ ಪೈಪೂ ಈ ಕಡೆಯ ಪೈಪೂ ಕೂಡುವ ಜಾಗದಲ್ಲಿ ಯೂನಿಯನ್ ಹಾಕಿದೆ. ಯೂನಿಯನ್ ಎಂದರೆ ಒಂದು ದಪ್ಪ ನಟ್ಟು, ಎರಡು ಪೈಪಿನ ಮುಖಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುವಂಥದ್ದು. ಅದನ್ನು ಒಣಗಿದ್ದಾಗಲೇ ಪೂರ್ತಿ ಬಿಗಿದರೆ ಒಳಗಿನ ಮುಖ ಸರಿಯಾಗಿ ಕೂರುವುದಿಲ್ಲ. ನೀರಿನ ಒತ್ತಡ ಬಂದ ಮೇಲೆ ಸುತ್ತ ಬೆರಳಾಡಿಸಿ ನೋಡಿ, ಇನ್ನು ಕಾಲು ಸುತ್ತು ಬಿಗಿಯಬೇಕು. ಆ ಕಾಲು ಸುತ್ತು ಬಾಕಿಯಿಟ್ಟು ಹೊರಗೆ ಬಂದೆ. ನಾನು ಬಂದ ಕೂಡಲೇ ಒಳಗೆ ಸಗಣಿ ಹಾಕಿ ಸಾರಿಸಿದರು.

ಮರುದಿನ ಬೆಳಿಗ್ಗೆ ನೀರು ಬಿಡುವವನು ಬಂದು ಬೀದಿಯ ವಾಲ್ವು ತಿರುಗಿಸಿ ಸೈಕಲ್ಲು ಹತ್ತಿ ಮುಂದಿನ ಬೀದಿಗೆ ಹೋದ. ನಾನು ಅಂಗಳದಲ್ಲಿ ನಿಂತಿದ್ದೆ. ಒಳಗೆ ನಲ್ಲಿ ಕೆಮ್ಮಿತು, ಗಾಳಿ ಬಂತು, ಕೆಂಪು ನೀರು ಬಂತಂತೆ, ಆಮೇಲೆ ತಿಳಿ ನೀರು. ಮೇಷ್ಟ್ರ ತಾಯಿ ನಲ್ಲಿಗೆ ಅರಿಶಿನ ಕುಂಕುಮ ಹಚ್ಚಿದರು. ಮೇಷ್ಟ್ರು ಹೊರಗೆ ಬಂದು "ಭೇಷ್ ಕಣಪ್ಪಾ" ಎಂದರು. ಆ ಮಾತಿನ ಸಂತೋಷ ಮುಗಿಯುವ ಮೊದಲೇ ನನಗೆ ಸುಯ್ ಎನ್ನುವ ಸದ್ದು ಕೇಳಿಸಿತು. ನೀರಿನ ತುಕಡಿಯವನಿಗೆ ಆ ಸದ್ದು ಏನೆಂದು ಬೇರೆ ಯಾರೂ ಹೇಳಿಕೊಡಬೇಕಿಲ್ಲ.

"ಮೇಷ್ಟ್ರೇ, ಯೂನಿಯನ್ ಜಿನುಗ್ತಾ ಐತೆ. ಕಾಲು ಸುತ್ತು ಬಿಗಿದ್ರೆ ನಿಂತು ಹೋಗ್ತೈತೆ. ಬರ್ಲಾ?"

ಮೇಷ್ಟ್ರು ಒಳಗೆ ನೋಡಿದರು, ನನ್ನನ್ನು ನೋಡಿದರು. "ರೆಂಚು ಕೊಡು, ತಮ್ಮ ಬಿಗೀತಾನೆ."

ಎರಡು ರೆಂಚನ್ನೂ ಮೆಟ್ಟಿಲ ಮೇಲೆ ಇಟ್ಟು ಹಿಂದೆ ಸರಿದೆ. ತಮ್ಮ ಒಂದನ್ನೇ ಎತ್ತಿಕೊಂಡು ಹೋದರು. "ಎರಡೂ ತಗಳ್ರಿ, ಒಂದರಾಗೆ ಪೈಪು ಹಿಡಕಂಡು ಇನ್ನೊಂದರಾಗೆ ನಟ್ಟು ಬಿಗೀರಿ, ಬಲಕ್ಕೆ" ಎಂದು ಕೂಗಿದೆ. ಅವರು ಯೂನಿಯನ್ನಿನ ಯಾವ ಕಡೆ ಕೂತಿದ್ದಾರೆ ಎನ್ನುವುದು ನನಗೆ ಕಾಣುತ್ತಿರಲಿಲ್ಲ. ಆ ಕಡೆ ಕೂತವನಿಗೆ ಬಲ ಎಂದರೆ ಸಡಿಲ. ಸುಯ್ ಎನ್ನುತ್ತಿದ್ದದ್ದು ಬುಸ್ ಎಂದಿತು, ಪಾತ್ರೆಗಳು ಉರುಳಿದ ಸದ್ದು ಬಂತು. "ಎಡಕ್ಕೆ, ಎಡಕ್ಕೆ" ಎಂದೆ. ಅವರು ಗಾಬರಿಯಲ್ಲಿ ಮೈಭಾರ ಬಿಟ್ಟು ತಿರುಗಿಸಿದರು. ನಟ್ಟು ಬಿಗಿಯಲಿಲ್ಲ. ಹಿಡಿದುಕೊಳ್ಳುವ ರೆಂಚು ಇಲ್ಲದೆ ಇಡೀ ಪೈಪೇ ತಿರುಗಿ, ಗೋಡೆಯೊಳಗೆ ಹೂತಿದ್ದ, ಮೂಲೆಯಲ್ಲಿ ಪೈಪು ಬಾಗಿಸುವ ಎಲ್ಬೋ ಸಡಿಲಾಯಿತು. ಈಗ ನೀರು ಮಣ್ಣಿನ ಗೋಡೆಯ ಹೊಟ್ಟೆಯಲ್ಲೇ ಚಿಮ್ಮುತ್ತಿತ್ತು.

ನಾನು ಮೆಟ್ಟಿಲ ಮೇಲೆ ಕಾಲಿಟ್ಟೆ. ಎರಡು ನಿಮಿಷ ಸಾಕಿತ್ತು ನನಗೆ. ಮೇಷ್ಟ್ರು ಬಾಗಿಲಿಗೆ ಅಡ್ಡ ಬಂದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಅಳುವಂತಿದ್ದರು. "ಬ್ಯಾಡಪ್ಪಾ, ಅವ್ವ ಒಳಗದಾಳೆ. ನಿಂಗೆ ಕೈ ಮುಗೀತೀನಿ" ಎಂದರು. ಗುರುಗಳು ಕೈ ಮುಗಿದರೆ ಏನು ಮಾಡಬೇಕು? ಕಾಲು ಹಿಂದಕ್ಕೆ ತೆಗೆದೆ.

ಬೀದಿಯ ವಾಲ್ವಿನ ಕೀಲಿ ನೀರು ಬಿಡುವವನ ಹತ್ತಿರ. ಅವನನ್ನು ಹುಡುಕಿ ಓಡಿದೆ. ಎರಡು ಬೀದಿ ಓಡಿ, ಅವನು ಹೊಳೆಯ ಕಡೆ ಹೋದನಂತೆ ಎಂದು ಕೇಳಿ ವಾಪಸು ಬಂದೆ. ಬಂದು ಮತ್ತೆ ಅಂಗಳದಲ್ಲಿ ನಿಂತೆ. ಪಲ್ಟನ್ನಿನಲ್ಲಿ ಸೋರುವ ಪೈಪಿನ ಮುಂದೆ ಹೀಗೆ ಕೈಕಟ್ಟಿ ನಿಂತಿದ್ದರೆ ನನ್ನ ಮೇಲೆ ಚಾರ್ಜು ಹಾಕುತ್ತಿದ್ದರು. ಒಳಗಿನಿಂದ ಬಿಂದಿಗೆ ಕೊಳಗ ತುಂಬಿ ತುಂಬಿ ತಂದು ಚೆಲ್ಲುತ್ತಿದ್ದರು, ಆ ನೀರು ಹರಿದು ನನ್ನ ಕಾಲ ಬುಡಕ್ಕೆ ಬರುತ್ತಿತ್ತು, ನಾನು ಪಕ್ಕಕ್ಕೆ ಸರಿಯುತ್ತಿದ್ದೆ. ಬೀದಿಯ ನೀರು ನಿಲ್ಲುವ ಹೊತ್ತಿನ ತನಕ ಹಾಗೇ ನಡೆಯಿತು. ಮಧ್ಯಾಹ್ನ ಅಡಿಗೆಮನೆಯ ಗೋಡೆಯ ಬುಡ ಕುಸಿದು ಒಂದು ಆಳಿನಷ್ಟು ಅಗಲದ ಗೋಡೆ ಒಲೆಯ ಮೇಲೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ.

ಮೇಷ್ಟ್ರು ನನ್ನನ್ನು ಬೈಯಲಿಲ್ಲ. ಜಗಲಿಯ ಕೆಳಗೆ ಕೂರಿಸಿ, ತಾವು ಮೇಲೆ ಕೂತರು.

"ನೀನು ಹೇಳಿದ್ಯಲ್ಲಪ್ಪಾ, ಇನ್ನೊಂದು ಕೋರ್ಸು ಐತೆ ಅಂತ. ಸಂಡಾಸಿಂದು" ಎಂದರು. "ಅದನ್ನ ಮಾಡು. ಹಿತ್ತಲಾಗೆ ಒಂದು ಕಟ್ಟಿಸ್ಬೇಕು ಅಂತ ಮಾಡೀನಿ. ಮೊದಲ್ನೇದು ನಮ್ಮ ಮನೀದೇ ನಿಂಗೆ. ಯಾರೂ ಅಡ್ಡ ಬರಲ್ಲ, ನೀರು ಬಿಟ್ಟ ಮ್ಯಾಲೂ ನೀನೇ ನೋಡ್ಕಬೌದು."

ಅವರು ಪೂರ್ತಿ ಒಳ್ಳೆಯ ಮನಸ್ಸಿನಿಂದ ಹೇಳಿದರು. ಯಾರಾದರೂ ಕೆಟ್ಟವರು ಹೇಳಿದ್ದರೆ ರೆಂಚು ಎತ್ತುತ್ತಿದ್ದೆನೋ ಏನೋ.

ನ್ಯಾಮತಿಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ಬಂದಿತ್ತು. ಚಾದಂಗಡಿಯಲ್ಲಿ ಒಬ್ಬ, "ಮಿಲ್ಟ್ರಿಯೋನು ಪೈಪು ಹಾಕಿ ಮೇಷ್ಟ್ರ ಗ್ವಾಡೆ ಬೀಳಿಸಿದ್ನಂತೆ, ಕೆಲಸ ಗೊತ್ತಿಲ್ಲ ಅಂದ್ರೆ ಯಾಕೆ ಮುಟ್ಟಬೇಕು" ಎಂದು ನನ್ನ ಗುರುತಿಲ್ಲದೆ ನನ್ನ ಪಕ್ಕದಲ್ಲೇ ಹೇಳುತ್ತಿದ್ದ. ನನ್ನನ್ನು ಹೊರಗೆ ನಿಲ್ಲಿಸಿದ ಮಾತು ಆ ಸುದ್ದಿಯಲ್ಲಿ ಎಲ್ಲಿಯೂ ಇರಲಿಲ್ಲ. ಅದು ಹೇಳಬೇಕಾದ ವಿಷಯವೆಂದು ಯಾರಿಗೂ ಅನ್ನಿಸಿರಲಿಲ್ಲ. ಕೇರಿಯವನು ಎಂದು ದೂರ ಇಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ, ಅದು ಹುಟ್ಟಿನಿಂದ ಕಂಡದ್ದು. ಕೆಲಸ ಬಾರದವನು ಎಂದರಲ್ಲ, ಅದು ನನ್ನ ಕಸುಬಿಗೇ ಬಿದ್ದ ಏಟು.

ಮೇಷ್ಟ್ರ ಮನೆಯ ಪೈಪು ಸರಿಮಾಡಲು ಚನ್ನಗಿರಿಯ ಸಾಬರೇ ಬಂದಿದ್ದರು. ಎರಡು ದಿನ ಬಿಟ್ಟು ನಾನು ಹೊನ್ನಾಳಿಗೆ ಹೋದಾಗ, ಕೆಲಸ ಮುಗಿಸಿ ಬಸ್ಸಿಗೆ ನಿಂತಿದ್ದವರು ಸಿಕ್ಕರು.

"ನಿಮ್ಮ ಕೆಲಸದಾಗೆ ತಪ್ಪಿಲ್ಲ ಭಾಯ್. ಜಾಯಿಂಟೆಲ್ಲಾ ಬಿಚ್ಚಿ ನೋಡಿದೆ. ಕಾಲು ಸುತ್ತು ಬೇಕಾಗಿತ್ತು, ಅಷ್ಟೇ."

"ಅದನ್ನ ಮೇಷ್ಟ್ರಿಗೆ ಹೇಳಿದ್ರಾ?"

ಅವರು ಚೀಲದ ಕಡೆ ನೋಡಿದರು. "ನಂಗೆ ಮಕ್ಕಳದಾವೆ ಭಾಯ್" ಎಂದರು.

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿದಳು. ಅವಳಿಗೆ ಅಳು ಬರಲಿಲ್ಲ, ನನಗೆ ಬರುವಂತಾಗಿತ್ತು. ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಸಂಡಾಸಿಂದೇ ಕಲೀರಿ" ಎಂದಳು.

"ಅಪ್ಪ ಏನಂದಿದ್ದ ಗೊತ್ತೇನು ನಿಂಗೆ?"

"ಗೊತ್ತೈತೆ. ಮಾವ ಅಂದಿದ್ದು ಸರಿ. ಮಾವ ಈಗ ಇಲ್ಲ, ಮಕ್ಕಳದಾವೆ. ನೀರಿನ ಕೆಲಸಕ್ಕೆ ಬಾಗಿಲಾಗೆ ನಿಲ್ಲಿಸ್ತಾರೆ, ಈ ಕೆಲಸಕ್ಕೆ ಹಿತ್ತಲಾಗೆ ಬಿಡ್ತಾರೆ. ಎಲ್ಲಾರ ಒಂದು ಕಡೆ ಬಿಡ್ತಾರಲ್ಲ, ಅಷ್ಟೇ ನೋಡ್ರಿ."

ಅವಳ ತಮ್ಮ ಜಗಳೂರಿನ ಶಾಲೆಯೊಂದರಲ್ಲಿ ಜವಾನನಾಗಿದ್ದ. ಗುರುತಿಲ್ಲದ ಊರಿನಲ್ಲಿ ನೋಡೋಣ ಎಂದು ಅಲ್ಲಿಗೆ ಬಸ್ಸು ಹತ್ತಿದೆ. ಪೈಪಿನ ಸಾಮಾನು ಮಾರುವ ಅಂಗಡಿಯವರು ಪ್ಲಂಬರ್ ಎಂದೊಡನೆ ಸ್ಟೂಲು ಎಳೆದು ಕೂರಿಸಿದರು. ಊರಿಗೆ ನೀರೇ ಅಪರೂಪ, ಬೋರಿನಿಂದ ಮನೆಗೆ ಪೈಪು ಹಾಕುವವರು ಬೇಕೇ ಬೇಕು ಎಂದರು. ಚಾ ತರಿಸಿದರು. ಆಮೇಲೆ ಕೇಳಿದರು:

"ತಮ್ಮದು ಯಾವ ಪೈಕಿ ಆತು?"

"ಮಿಲ್ಟ್ರಿ ಪೈಕಿ" ಎಂದೆ.

ಅವರು ಜೋರಾಗಿ ನಕ್ಕರು. ನಾನೂ ನಕ್ಕೆ. ಗೆದ್ದೆ ಎಂದುಕೊಂಡೆ. ಅವರು ನಗು ಮುಗಿಸಿ, ಚಾ ಊದುತ್ತ, ಬಹಳ ಮರ್ಯಾದೆಯಿಂದ, "ಅದು ಸರಿ ಬಿಡ್ರಿ. ಮಿಲ್ಟ್ರಿಗೆ ಹೋಗಾಕೆ ಮುಂಚೆ?" ಎಂದರು.

ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಅದೇ ಬೀದಿಯಲ್ಲಿ ನನ್ನ ಹೆಂಡತಿಯ ತಮ್ಮ ದಿನವೂ ಓಡಾಡುತ್ತಾನೆ. ಇದ್ದದ್ದು ಹೇಳಿದೆ. ಅವರ ಮುಖ ಕೆಡಲಿಲ್ಲ. "ಆಗಲಿ, ಕೋರ್ಸು ಮುಗಿಸಿ ಬರ್ರಿ, ನೋಡಾನ" ಎಂದರು. ನಾನು ಕುಡಿದಿಟ್ಟ ಗ್ಲಾಸನ್ನು ಯಾರೂ ಎತ್ತಲಿಲ್ಲ, ಬಸ್ಸು ಬರುವ ತನಕ ಅದು ಸ್ಟೂಲಿನ ಪಕ್ಕದಲ್ಲೇ ಇತ್ತು.

ರಜೆ ಮುಗಿಯಿತು. ಹೊರಡುವಾಗ ಹೆಂಡತಿ ಏನು ಬರೆಸುತ್ತೀರಿ ಎಂದು ಕೇಳಲಿಲ್ಲ. "ನಿಮಗೆ ತಿಳಿದಂಗೆ ಮಾಡ್ರಿ" ಎಂದು ಒಳಗೆ ಹೋದಳು. ದಾರಿಯುದ್ದಕ್ಕೂ ರೈಲಿನಲ್ಲಿ ಸಂಡಾಸು ಸಂಡಾಸು ಎಂದು ಮನಸ್ಸನ್ನು ಒಪ್ಪಿಸಿಕೊಂಡೇ ಹೋದೆ. ಅವಳು ಹೇಳಿದ್ದು ನ್ಯಾಯ, ಸಾಬರು ಹೇಳಿದ್ದು ನಿಜ, ಮೇಷ್ಟ್ರು ಹೇಳಿದ್ದು ಉಪಕಾರ. ಮೂವರ ಮಾತೂ ಒಂದೇ ಕಡೆ ತೋರಿಸುತ್ತಿತ್ತು.

ಸುಬೇದಾರರ ಮೇಜಿನ ಮುಂದೆ ನಿಂತೆ. "ಹೇಳು, ಯಾವುದು?" ಎಂದರು.

"ನೀರು, ಸಾಬ್" ಎಂದೆ.

ಅದು ಧೈರ್ಯವಲ್ಲ. ಯೋಚನೆ ಮಾಡಿ ಹೇಳಿದ್ದೂ ಅಲ್ಲ. ಇನ್ನೊಂದು ಶಬ್ದ ಬಾಯಿಗೆ ಬರಲಿಲ್ಲ, ಅಷ್ಟೇ. "ನಿನ್ನ ಕಡೆ ಆ ಕೆಲಸ ಇದೆಯಾ?" ಎಂದು ಕೇಳಿದರು. "ಇದೆ ಸಾಬ್. ಒಂದು ಮನೆಗೆ ಮಾಡಿಯೂ ಬಂದೆ" ಎಂದೆ. ಅವರು ಸಂತೋಷದಿಂದ ನನ್ನ ಹೆಸರು ಬರೆದುಕೊಂಡರು. ಹೊರಗೆ ಬಂದು ಹೆಂಡತಿ ಮಕ್ಕಳ ಮುಖ ನೆನಪಾಗಿ ಕಟ್ಟೆಯ ಮೇಲೆ ಕೂತುಬಿಟ್ಟೆ.

ಕೋರ್ಸು ನಡೆದದ್ದು ಬೇರೆ ರಾಜ್ಯದ ಒಂದು ಕಂಟೋನ್ಮೆಂಟಿನಲ್ಲಿ. ಕಲಿಸುವ ಉಸ್ತಾದ್ ಉತ್ತರದ ಕಡೆಯವರು, ಹಸನ್ಮುಖಿ, ಕೈಯಲ್ಲಿ ಒಳ್ಳೆಯ ಕಸುಬಿತ್ತು. ಮೊದಲ ದಿನವೇ ಒಂದು ಯೂನಿಯನ್ ಎತ್ತಿ ಹಿಡಿದು ಹೇಳಿದರು: "ನೀರು ಬಿಟ್ಟ ಮೇಲೆ ನಿಮ್ಮ ಸ್ವಂತ ಕೈಯಿಟ್ಟು ನೋಡದೆ ಯಾವ ಮನೆಯಿಂದಲೂ ಹೊರಗೆ ಬರಬೇಡಿ."

ನಾನು ಎದ್ದು ನಿಂತೆ. ಯಾಕೆ ನಿಂತೆನೋ. "ಉಸ್ತಾದ್, ನೀರು ಬಿಟ್ಟ ಮೇಲೆ ಕೈ ಇಡಲು ಬಿಡದಿದ್ದರೆ?"

ಉಸ್ತಾದರಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಯಾರು ಬಿಡುವುದಿಲ್ಲ? ನೀರೇ?" ಎಂದರು. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕು ಕೂತೆ.

ಟೀ ಹೊತ್ತಿನಲ್ಲಿ ಆಂಧ್ರದ ಕಡೆಯ ಒಬ್ಬ ಲಾನ್ಸ್ ನಾಯಕ್ ಬಂದು ನನ್ನ ಪಕ್ಕ ಕೂತ. ಅಲ್ಲಿಯ ತನಕ ಅವನನ್ನು ಮಾತಾಡಿಸಿರಲಿಲ್ಲ. ಅವನು ಊರು ಕೇಳಲಿಲ್ಲ, ಯಾವ ಪೈಕಿ ಎಂದೂ ಕೇಳಲಿಲ್ಲ.

"ಕೋರ್ಸು ಮುಗಿದ ಮೇಲೆ ಎಲ್ಲಿ ಕೆಲಸ ಮಾಡ್ತೀಯ?" ಎಂದ ಹಿಂದಿಯಲ್ಲಿ.

"ಗೊತ್ತಿಲ್ಲ" ಎಂದೆ.

"ನನಗೂ ಗೊತ್ತಿಲ್ಲ" ಎಂದ.

ಶಿಳ್ಳೆ ಊದಿದರು. ಇಬ್ಬರೂ ಮಗ್ಗು ತೊಳೆದಿಟ್ಟು, ಒಂದೇ ಪೈಪಿನ ಎರಡು ತುದಿಗೆ ಥ್ರೆಡ್ ಹಾಕಲು ಹೋಗಿ ನಿಂತೆವು.